ಚಾ ಬಣ್ಣದ ಮೀನು

ಟೋಕಿಯೋದಿಂದ ಶಿಂಕಾನ್‌ಸೆನ್ ಹತ್ತಿ ನಾಗಾವೋಕಾ, ಅಲ್ಲಿಂದ ಲೋಕಲ್ ರೈಲಲ್ಲಿ ಓಜಿಯಾ. ಕೋಯಿ, ಅಂದರೆ ಚೆಂದಕ್ಕೆ ಸಾಕುವ ಬಣ್ಣದ ಗೆಂಡೆ ಮೀನಿನ ತವರೂರು ಅಂತ ಕೇಳಿದ್ದೆ. ಕೊಳದಲ್ಲಿ ಕೆಂಪು-ಬಿಳಿ ಮೀನುಗಳು ಬೇಕಾದಷ್ಟಿದ್ದವು. ನಾನು ಮೊಬೈಲ್ ಹಿಡಿದು ಅವುಗಳ ಹಿಂದೆಯೇ ಇದ್ದೆ. ಎಲ್ಲಾ ಫೋಟೋಗೂ ಒಂದು ದಪ್ಪನೆಯ ಕಂದು ಮೀನು ಅಡ್ಡ ಬರುತ್ತಿತ್ತು. ಸುಮ್ನೆ ತೊಂದರೆ!

ಪಕ್ಕದಲ್ಲಿದ್ದ ಅಜ್ಜ ನಕ್ಕು, 'ಚಾಗೋಯ್' ಅಂದರು. ಗೋಯ್ ಅಂದರೆ ಕೋಯಿ, ಸರಿ. ಚಾ? ಮಂಗಳೂರಲ್ಲಿ ನಾವು ಕುಡಿಯುವ ಚಾವೇ! ಜಪಾನಿನಲ್ಲೂ ಅದಕ್ಕೆ ಅದೇ ಹೆಸರು. ಮತ್ತೆ ನೋಡಿದರೆ ನಿಜಕ್ಕೂ ಹಾಲು ಹಾಕದ ಕಣ್ಣಚಾ ಬಣ್ಣ.

ಅಜ್ಜ ಬಗ್ಗಿ ತೋರಿಸಿದರು. ತಲೆಯಿಂದ ಬಾಲದವರೆಗೆ ಒಂದೇ ಬಣ್ಣ ಇರಬೇಕು, ಎಲ್ಲೂ ಮಚ್ಚೆ ಇರಬಾರದು. ಲೋಹದ ಹೊಳಪೂ ಇರಬಾರದು, ಚಿನ್ನದ ಹಾಗೆ ಹೊಳೆದರೆ ಅದು ಓಗೋನ್. ಒಂದೊಂದು ಹುರುಪೆಯ ಅಂಚೂ ತುಸು ಗಾಢ. ಹಾಗಾಗಿ ಮೈಮೇಲೆ ಮೀನಿನ ಬಲೆಯನ್ನೇ ಹಾಸಿದ ಹಾಗೆ ಕಾಣುತ್ತದೆ. ಆ ಬಲೆ ಸಾಲು ತಪ್ಪದಿದ್ದರೆ ಒಳ್ಳೆ ಮೀನು. ಬೇರೆ ಅಲಂಕಾರ ಇಲ್ಲವಲ್ಲ, ಸಣ್ಣ ಕಲೆಯಿದ್ದರೂ ಮುಚ್ಚಿಡೋಕೆ ಆಗಲ್ಲ.

ಕಲಿತ ಹುರುಪಿನಲ್ಲಿ ಇನ್ನೊಂದನ್ನು ತೋರಿಸಿ 'ಚಾಗೋಯ್' ಅಂದೆ. ತಪ್ಪು. ಬೂದು ಬಣ್ಣದ ಅದು ಸೋರಾಗೋಯ್. ಸೋರಾ ಅಂದರೆ ಆಕಾಶ. ಹಳದಿಯದ್ದು ಕರಾಶಿಗೋಯ್, ಕರಾಶಿ ಅಂದರೆ ಸಾಸಿವೆ. ನೆರಳಿನ ನೀರಲ್ಲಿ ನನಗೆ ಮೂರೂ ಒಂದೇ. ಬಿಸಿಲಿಗೆ ಬಂದಾಗ ನೋಡು ಅಂದರು.

ಆಮೇಲೆ ಅಂಗೈಯಲ್ಲಿ ನಾಲ್ಕು ಕಾಳು ಆಹಾರ ಹಾಕಿಕೊಟ್ಟು ನೀರಿಗಿಳಿಸು ಅಂದರು. ಚೆಂದದ ಮೀನುಗಳು ದೂರವೇ ಉಳಿದವು. ಮೊದಲು ಬಂದದ್ದು ಇದೇ ದಪ್ಪಣ್ಣ. ಎರಡು ಜೊತೆ ಮೀಸೆ ಅಂಗೈಗೆ ಕಚಗುಳಿ ಇಟ್ಟವು, ಆಮೇಲೆ ಬೆರಳನ್ನೇ ಚೀಪಿತು. ಬೆಚ್ಚಿಬಿದ್ದೆ. ಕಚ್ಚೋಕೆ ಬಾಯಲ್ಲಿ ಹಲ್ಲಿಲ್ಲ, ಇರೋದು ಗಂಟಲಲ್ಲಿ! ಚಾಗೋಯ್ ಬೇಗ ಬೆಳೆಯುತ್ತದೆ, ಬೇಗ ಪಳಗುತ್ತದೆ. ಉಳಿದವುಗಳ ಹೆದರಿಕೆ ಹೋಗಲಿ ಅಂತಲೇ ಕೊಳಕ್ಕೆ ಒಂದು ಬಿಡುವವರಿದ್ದಾರಂತೆ. ಐದು ನಿಮಿಷದಲ್ಲಿ ಕೆಂಪು-ಬಿಳಿಗಳೂ ಹಿಂದೆಯೇ ಬಂದವು.

ರಾತ್ರಿ ಅಮ್ಮನಿಗೆ ಫೋಟೋ ಕಳಿಸಿದೆ. "ಇದು ಗಸಿ ಮಾಡುವ ಮೀನಲ್ವಾ ಮಗಾ?" ಅಂದರು. ನಗು ಬಂತು. ಆದರೆ ಸುಮಾರು 200 ವರ್ಷದ ಹಿಂದೆ ಅಲ್ಲಿನ ರೈತರೂ ಗೆಂಡೆ ಮೀನು ಸಾಕುತ್ತಿದ್ದದ್ದು ತಿನ್ನೋಕೇ. ಬಣ್ಣದ ಮರಿ ಕಂಡಿದ್ದು ಅವುಗಳ ನಡುವೆಯೇ. ಅಮ್ಮನಿಗೆ ಅದನ್ನೆಲ್ಲ ಹೇಳಲಿಲ್ಲ. ಹೇಳಿದ್ದರೆ ರುಚಿ ಹೇಗೆ ಅಂತ ಕೇಳುತ್ತಿದ್ದರು.