ಅಜ್ಜನ ಶಹ, ಮಗಳ ಚೆಕ್

17 ಜೂನ್ 2025, ಮಂಗಳವಾರ

ಬೆಳಿಗ್ಗೆ ಆಫೀಸಿಗೆ ಹೋಗುವ ಬದಲು ಬ್ಯಾಂಕಿಗೆ ಹೋಗಬೇಕಾಯಿತು. ಮನೆ ಮಾಲೀಕರಿಗೆ ಕೊಟ್ಟಿದ್ದ ಚೆಕ್ಕು ವಾಪಸ್ ಬಂದಿದೆ. ಖಾತೆಯಲ್ಲಿ ದುಡ್ಡಿತ್ತು, ಸಹಿ ತಾಳೆಯಾಗಲಿಲ್ಲವಂತೆ. ಖಾತೆ ತೆರೆದಾಗ ಹೆಸರಿನ ಅಷ್ಟೂ ಅಕ್ಷರ ಬಿಡಿಸಿ ಬರೆಯುತ್ತಿದ್ದೆ. ಈಗ ಮೊದಲ ಅಕ್ಷರ ಬರೆದು ಒಂದು ಗೆರೆ ಎಳೆದರೆ ಮುಗಿಯಿತು. ಕೌಂಟರಿನ ಹುಡುಗಿ ಹೊಸ ಫಾರಂ ಕೊಟ್ಟು, "ಇನ್ಮೇಲೆ ಚೆಕ್ ಕೊಡೋಕೆ ಮುಂಚೆ ಒಂದ್ಸಲ ಚೆಕ್ ಮಾಡ್ಕೊಳ್ಳಿ ಸರ್" ಅಂದಳು.

ಈ ಮಾತು ತಲೆಯಲ್ಲೇ ಉಳಿಯಿತು. ವಾಪಸ್ ಬರುವಾಗ ಬಸ್ಸಿಗೆ ಚೆಕಿಂಗ್‌ನವರು ಹತ್ತಿದರು. ಪಕ್ಕದಲ್ಲಿದ್ದವರು ಟಿಕೆಟ್ಟಿಗಾಗಿ ತಮ್ಮ ಚೆಕ್ಸ್ ಶರ್ಟಿನ ಜೇಬು ತಡಕಾಡಿದರು. ಸಂಜೆ ಮಗಳು ಚೆಸ್ ಬೋರ್ಡ್ ಹಾಸಿ, ಹತ್ತನೇ ನಡೆಗೇ "ಅಪ್ಪಾ, ಚೆಕ್!" ಅಂದಳು. ಒಂದೇ ದಿನಕ್ಕೆ ಎಷ್ಟು ಚೆಕ್ಕು!

ಇವೆಲ್ಲ ಬೇರೆ ಬೇರೆ ಪದ ಇರಬಹುದು, ಸುಮ್ನೆ ಒಂದೇ ಥರ ಕೇಳಿಸುತ್ತವೆ ಅಂದುಕೊಳ್ಳುವುದು ಸಹಜ. ಆದರೆ ಎಲ್ಲವೂ ಒಂದೇ. ಎಲ್ಲಕ್ಕೂ ಮೂಲ ಮಗಳ ಬಾಯಲ್ಲಿ ಬಂದ ಚೆಕ್ಕೇ, ಅಂದರೆ ಚದುರಂಗದ್ದು. ಅದು ಇಂಗ್ಲಿಷ್ ಪದವೂ ಅಲ್ಲ. ಪಾರ್ಸಿ ಭಾಷೆಯ 'ಶಾಹ್', ಅಂದರೆ ರಾಜ. ನಿನ್ನ ರಾಜನಿಗೆ ಕುತ್ತು ಬಂದಿದೆ, ನೋಡಿಕೋ ಅಂತ ಎದುರಾಳಿಗೆ ಎಚ್ಚರಿಕೆ ಕೊಡಲು 'ಶಾಹ್' ಅನ್ನುತ್ತಿದ್ದರು.

ಆಟ ಹೋಗಿದ್ದು ನಮ್ಮ ಕಡೆಯಿಂದಲೇ. ಆನೆ, ಕುದುರೆ, ರಥ, ಕಾಲಾಳು ಸೇರಿದ ಚತುರಂಗ ಪರ್ಷಿಯಾದಲ್ಲಿ 'ಚತ್ರಂಗ್' ಆಯಿತು. ಅರಬರ ಬಾಯಲ್ಲಿ 'ಶತ್ರಂಜ್' ಆಯಿತು. ಅವರ ಮೂಲಕ ಯುರೋಪಿಗೆ ಹೋಯಿತು. ಆಟದ ಜೊತೆ ಈ ಶಾಹ್ ಕೂಡ ಹೊರಟ. ಲ್ಯಾಟಿನ್ನಿನಲ್ಲಿ 'ಸ್ಕಾಕಸ್' ಆದ, ಹಳೇ ಫ್ರೆಂಚಿನಲ್ಲಿ 'ಎಶೆಕ್' ಆದ, ಇಂಗ್ಲೆಂಡ್ ಮುಟ್ಟುವಷ್ಟರಲ್ಲಿ 'ಚೆಕ್' ಆಗಿದ್ದ. ಇದರ ಬಹುವಚನದಿಂದ ಬಂದ ಪದವೇ ಚೆಸ್. ಆಟದ ಹೆಸರೇ 'ರಾಜರು' ಅಂತಾಯಿತು, ಅಲ್ವಾ?

ಚೆಕ್ ಬಿದ್ದ ಮೇಲೆ ಬೇರೆ ನಡೆ ಆಡುವಂತಿಲ್ಲ, ಮೊದಲು ರಾಜನನ್ನು ಉಳಿಸಿಕೊಳ್ಳಬೇಕು. ಹಾಗಾಗಿ ಚೆಕ್ ಅಂದರೆ ತಡೆ, ಹತೋಟಿ ಅನ್ನುವ ಅರ್ಥ ಬಂತು. ಚೆಕ್‌ಪೋಸ್ಟಿನಲ್ಲಿ ಲಾರಿ ನಿಲ್ಲಿಸುವುದು ಈ ಅರ್ಥದ ಹತ್ತಿರಕ್ಕೇ ಬರುತ್ತದೆ. ಹತೋಟಿಯಲ್ಲಿಡಬೇಕಾದರೆ ಲೆಕ್ಕ ತಾಳೆ ನೋಡಬೇಕಲ್ಲ, ಅಲ್ಲಿಂದ 'ಪರೀಕ್ಷಿಸು' ಅನ್ನುವ ಅರ್ಥ ಹುಟ್ಟಿತು. ಚದುರಂಗದ ಹಾಸಿನ ಮನೆಗಳಂತಿರುವ ಬಟ್ಟೆ ಚೆಕ್ಸ್ ಆಯಿತು. ಅದಕ್ಕೆ ನಮ್ಮಲ್ಲಿ ಚೌಕಳಿ ಅನ್ನುವ ಚೆಂದದ ಪದವಿದೆ. ಅಂಗಡಿಗೆ ಹೋಗಿ ಚೌಕಳಿ ಶರ್ಟ್ ಕೊಡಿ ಅಂದರೆ ಮಾತ್ರ ಮುಖ ಮುಖ ನೋಡುತ್ತಾರೆ.

ನನಗೆ ಎಲ್ಲಕ್ಕಿಂತ ಮಜಾ ಅನಿಸಿದ್ದು ಬ್ಯಾಂಕಿನ ಚೆಕ್ಕಿನ ಕಥೆ. 12ನೇ ಶತಮಾನದ ಇಂಗ್ಲೆಂಡಿನಲ್ಲಿ ರಾಜನ ಕಂದಾಯದ ಲೆಕ್ಕ ನೋಡಲು ಒಂದು ದೊಡ್ಡ ಮೇಜಿತ್ತು. ಹತ್ತು ಅಡಿ ಉದ್ದ, ಐದು ಅಡಿ ಅಗಲ. ಇಟ್ಟಿದ್ದು ಕೆಳಗೆ ಬೀಳದ ಹಾಗೆ ಸುತ್ತ ನಾಲ್ಕು ಬೆರಳಿನ ಅಂಚು. ಮೇಲೆ ಕಪ್ಪು ಬಟ್ಟೆ, ಅದರ ಮೇಲೆ ಅಡಿಗೋ ಗೇಣಿಗೋ ಒಂದೊಂದು ಗೆರೆ. ಇದನ್ನೆಲ್ಲ ಬರೆದಿಟ್ಟವನು ಅಲ್ಲಿಯೇ ಖಜಾಂಚಿಯಾಗಿದ್ದ ರಿಚರ್ಡ್ ಫಿಟ್ಜ್‌ನೀಲ್. ಆಗ ಅಲ್ಲಿ ಲೆಕ್ಕ ಬರೆಯುತ್ತಿದ್ದುದು ರೋಮನ್ ಅಂಕಿಗಳಲ್ಲಿ. ಸೊನ್ನೆ ಇಲ್ಲದ ಆ ಅಂಕಿಗಳಲ್ಲಿ ಕೂಡಿ ಕಳೆಯುವುದು ದೊಡ್ಡ ತಲೆನೋವು. ಅದಕ್ಕೇ ಪೆನ್ನಿ, ಶಿಲಿಂಗ್, ಪೌಂಡ್ ಅಂತ ಒಂದೊಂದು ಸಾಲು ಮಾಡಿ, ಬಿಲ್ಲೆ ಇಟ್ಟು ಸರಿಸಿ ಲೆಕ್ಕ ಹಾಕುತ್ತಿದ್ದರು.

ಜಿಲ್ಲೆಗಳಿಂದ ಶೆರಿಫ್‌ಗಳು, ಅಂದರೆ ರಾಜನ ಪರವಾಗಿ ಕಂದಾಯ ವಸೂಲಿ ಮಾಡುವ ಅಧಿಕಾರಿಗಳು, ಬಂದು ಆ ಮೇಜಿನ ಮುಂದೆ ಕೂರಬೇಕು. ಈ ಕಡೆ ಖಜಾಂಚಿ, ಆ ಕಡೆ ಶೆರಿಫ್, ನಡುವೆ ಬಿಲ್ಲೆಗಳು. ಇದೂ ಚದುರಂಗದ ಕಾಳಗದ ಥರವೇ ಅಂತ ರಿಚರ್ಡನೇ ಹೇಳುತ್ತಾನೆ. ಆ ಹಾಸಿನಿಂದಲೇ ಕಚೇರಿಗೆ ಎಕ್ಸ್‌ಚೆಕರ್ ಅಂತ ಹೆಸರು ಬಂತು. ಇವತ್ತಿಗೂ ಬ್ರಿಟನ್ನಿನ ಹಣಕಾಸು ಮಂತ್ರಿ 'ಚಾನ್ಸಲರ್ ಆಫ್ ದಿ ಎಕ್ಸ್‌ಚೆಕರ್'. ಅಂದರೆ ಚದುರಂಗದ ಹಾಸಿನ ಮಂತ್ರಿ! ನಮ್ಮ ಆಟದಲ್ಲೂ ಮಂತ್ರಿಯದೇ ಜೋರು ಬಿಡಿ.

18ನೇ ಶತಮಾನದ ಶುರುವಿನಲ್ಲಿ ಚೆಕ್ ಅಂದರೆ ನಾವು ಕೊಡುವ ಚೀಟಿ ಅಲ್ಲ, ನಾವು ಇಟ್ಟುಕೊಳ್ಳುವ ಕೌಂಟರ್ ಫಾಯಿಲ್. ಯಾರಾದರೂ ಮೊತ್ತ ತಿದ್ದಿದರೆ ತಾಳೆ ನೋಡಿ ಹಿಡಿಯಲಿಕ್ಕೆ ಅದು. ಆಮೇಲೆ ಹೆಸರು ಚೀಟಿಗೇ ಅಂಟಿತು. ಎಕ್ಸ್‌ಚೆಕರ್ ಪ್ರಭಾವದಿಂದ ಇಂಗ್ಲೆಂಡಿನವರು ಅದರ ಸ್ಪೆಲಿಂಗಿನಲ್ಲಿ 'ಕ್ಯೂ' ತಂದು ಕೂರಿಸಿದರು, ಅದೇ ನಮಗೂ ಬಂತು. ಅಮೆರಿಕದವರು ಎಲ್ಲಕ್ಕೂ ಒಂದೇ ಸ್ಪೆಲಿಂಗ್ ಇಟ್ಟುಕೊಂಡು ಆರಾಮಾಗಿದ್ದಾರೆ. ಕನ್ನಡದಲ್ಲಿ ನಾವೂ ಹಾಗೇ.

ಅಂದರೆ ಕೌಂಟರಿನ ಹುಡುಗಿ ಹೇಳಿದ್ದು ಸರಿಯಾಗಿಯೇ ಇತ್ತು. ಚೆಕ್ಕು ಹುಟ್ಟಿದ್ದೇ ಚೆಕ್ ಮಾಡಲಿಕ್ಕೆ. ನನ್ನ ಖಾತೆಯಿಂದ ಕತ್ತರಿಸಿಕೊಂಡ ದಂಡದ ಬಗ್ಗೆ ಮಾತ್ರ ಸಮಾಧಾನ ಆಗಿಲ್ಲ.

ಬರೆಯುತ್ತಾ ಅಜ್ಜ ನೆನಪಾದರು. ಅವರು ಕಲಬುರ್ಗಿಯವರು, ನಿಜಾಮರ ಕಾಲದಲ್ಲಿ ಉರ್ದು ಶಾಲೆ ಓದಿದವರು. ರಜೆಗೆ ಹೋದಾಗ ನನಗೆ ಚದುರಂಗ ಕಲಿಸಿದ್ದು ಅವರೇ. ಒಂಟೆಯನ್ನು ಓರೆಯಾಗಿ ಜಾರಿಸಿ, ಬೆರಳು ಅದರ ಮೇಲೇ ಇಟ್ಟುಕೊಂಡು "ಶಹ! ನೋಡ್ಕೋ ತಮ್ಮಾ" ಅನ್ನುತ್ತಿದ್ದರು. ಆಟ ಮುಗಿದರೆ "ಮಾತ್". ನಾನು ಶಾಲೆಯಲ್ಲಿ ಕಲಿತ 'ಚೆಕ್‌ಮೇಟ್' ಅಂದರೆ ನಗುತ್ತಿದ್ದರು. ಅದು ಇಂಗ್ಲಿಷರ ಆಟ, ನಮ್ಮದು ಬೇರೆ ಅಂತ ಅವರ ನಂಬಿಕೆ. ಚೆಕ್‌ಮೇಟ್ ಅಂದರೂ 'ಶಾಹ್ ಮಾತ್' ಅಂತಲೇ ಅಂತ ಆಗ ನನಗೂ ಗೊತ್ತಿರಲಿಲ್ಲ. ರಾಜ ಸತ್ತ ಅಂತ ಅದಕ್ಕೆ ಅರ್ಥ ಹೇಳುವವರು ಜಾಸ್ತಿ. ಆದರೆ ಚದುರಂಗದಲ್ಲಿ ರಾಜ ಸಾಯುವುದೇ ಇಲ್ಲವಲ್ಲ. ಪಾರ್ಸಿಯ 'ಮಾತ್' ಅಂದರೆ ದಿಕ್ಕು ತೋಚದೆ ನಿಂತವನು. ಅದೇ ಸರಿ ಅನಿಸುತ್ತದೆ.

ಅಜ್ಜನಿಗೆ ಆ ಪದ ಉರ್ದುವಿನ ದಾರಿಯಲ್ಲಿ ಸಿಕ್ಕಿತು. ಮಗಳಿಗೆ ಅರಬಸ್ತಾನ, ಫ್ರಾನ್ಸ್, ಇಂಗ್ಲೆಂಡ್ ಎಲ್ಲ ಸುತ್ತಿಕೊಂಡು ಬಂದು ಸಿಕ್ಕಿತು. ಇನ್ನೂ ಹಿಂದಕ್ಕೆ ಹೋದರೆ ಶಾಹ್ ಪದವೂ ನಮ್ಮ 'ಕ್ಷತ್ರಿಯ'ದ 'ಕ್ಷತ್ರ'ವೂ ಒಂದೇ ಬೇರಿನವು, ಆಳುವುದು ಅಂತ ಅರ್ಥ.

ಮಗಳಿಗೆ ಇದನ್ನೆಲ್ಲ ಹೇಳಿದೆ. ಅರ್ಧ ಕೇಳಿದಳು. "ಸರಿ ಅಪ್ಪಾ, ಹಾಗಾದ್ರೆ ಶಹ. ಈಗ ನಡೆಸು" ಅಂದಳು. ಊಟಕ್ಕೆ ಕರೆದದ್ದರಿಂದ ಬಚಾವಾದೆ. ಬೋರ್ಡ್ ಎತ್ತಬಾರದು ಅಂತ ಹೇಳಿ ಮಲಗಿದ್ದಾಳೆ. ಈಗ ನೋಡಿದರೆ ನನ್ನ ರಾಜನಿಗೆ ಉಳಿದಿರುವುದು ಎರಡೇ ಮನೆ. ಅದರಲ್ಲಿ ಒಂದರ ಮೇಲೆ ಅವಳ ಕುದುರೆಯ ಕಣ್ಣಿದೆ.