ಕೊಲೆಗಾರ ರೋಬೋಟ್‌ಗಳ ಸಿನಿಮಾದಲ್ಲಿ ಅಂಥದ್ದೇನಿದೆ?

ಈ ಪ್ರಶ್ನೆಗೆ ಇನ್ನು ಬಾಯಿಬಿಟ್ಟು ಉತ್ತರಿಸುವುದಿಲ್ಲ. ಬರೆದಿಟ್ಟಿದ್ದೇನೆ, ಓದಿಕೊಳ್ಳಿ.

ಸಿನಿಮಾದ ಹೆಸರು ‘ಚಾಪಿಂಗ್ ಮಾಲ್’. 1986ರದ್ದು. ನಿರ್ದೇಶಕ ಜಿಮ್ ವೈನೋರ್ಸ್ಕಿ, ನಿರ್ಮಾಪಕಿ ಜೂಲಿ ಕಾರ್ಮನ್. ಮಾಲ್ ಒಂದರ ರಾತ್ರಿ ಕಾವಲಿಗೆ ಮೂರು ರೋಬೋಟ್‌ಗಳನ್ನು ತರುತ್ತಾರೆ. ಸಿಡಿಲು ಬಡಿದು ಅವುಗಳನ್ನು ನಡೆಸುವ ಕಂಪ್ಯೂಟರ್ ಕೆಡುತ್ತದೆ. ಮಧ್ಯರಾತ್ರಿ ಮುಚ್ಚಿದ ಉಕ್ಕಿನ ಬಾಗಿಲು ಬೆಳಗಿನವರೆಗೆ ತೆರೆಯುವುದಿಲ್ಲ. ಪೀಠೋಪಕರಣದ ಅಂಗಡಿಯಲ್ಲಿ ಗುಟ್ಟಾಗಿ ಪಾರ್ಟಿ ಮಾಡುತ್ತಿದ್ದ ನಾಲ್ಕು ಜೋಡಿಗಳು ಒಳಗೇ ಸಿಕ್ಕಿಬೀಳುತ್ತವೆ. ಕಥೆ ಇಷ್ಟೇ.

ನನ್ನನ್ನು ರೇಗಿಸುವುದು ಜನ ಕೇಳುವ ಧಾಟಿ. ಮಾಟುಂಗದಲ್ಲಿ ಒಂದು ಮದುವೆಯೂಟದ ಪಂಕ್ತಿಯಲ್ಲಿ ಚಿಕ್ಕಪ್ಪ ಎಲ್ಲರಿಗೂ ಕೇಳಿಸುವಂತೆ, “ಅಲ್ಲ ಮಾರಾಯ, ಓದಿದವನು ನೀನು, ಆ ಉರುಳುವ ಕಪಾಟುಗಳನ್ನು ನೋಡಿ ಹೆದರುತ್ತೀಯಾ?” ಎಂದರು. ಹೌದು, ಹೆದರುತ್ತೇನೆ. ಓದಿಗೂ ಹೆದರಿಕೆಗೂ ಏನು ಸಂಬಂಧ? ಪಕ್ಕದಲ್ಲಿದ್ದ ಅತ್ತೆ ನನ್ನ ಮೇಲಿನ ಕರುಣೆಯಿಂದ, “ಹೋಗಲಿ ಬಿಡಿ, ಟೈಮ್ ಪಾಸಿಗೆ ನೋಡುತ್ತಾನೆ” ಎಂದರು. ಚಿಕ್ಕಪ್ಪನ ಮಾತಿಗಿಂತ ನನಗೆ ನಾಟಿದ್ದು ಇದು. ಹೊತ್ತು ಕಳೆಯಲು ನೋಡುವ ಸಿನಿಮಾಗಳು ಬೇರೆ ಇವೆ, ಅವುಗಳ ಹೆಸರೂ ನನಗೆ ನೆನಪಿರುವುದಿಲ್ಲ.

ನಾನು ಮುಲುಂಡಿನ ಮಾಲ್ ಒಂದರಲ್ಲಿ ಉಡುಪಿ ತಿಂಡಿಯ ಕೌಂಟರ್ ನೋಡಿಕೊಳ್ಳುತ್ತೇನೆ. ಗಲ್ಲಾ ಲೆಕ್ಕ ಮುಗಿಯುವಷ್ಟರಲ್ಲಿ ಸಂಗೀತ ನಿಂತಿರುತ್ತದೆ, ಏಸಿ ನಿಂತಿರುತ್ತದೆ, ಎಸ್ಕಲೇಟರ್ ಬರೀ ಕಬ್ಬಿಣದ ಮೆಟ್ಟಿಲಾಗಿರುತ್ತದೆ. ಅಷ್ಟು ದೊಡ್ಡ ಕಟ್ಟಡದಲ್ಲಿ ನೆಲ ಉಜ್ಜುವ ಯಂತ್ರದ ಸದ್ದು ಯಾವ ಮಹಡಿಯಿಂದ ಬರುತ್ತಿದೆ ಎಂದು ಗೊತ್ತಾಗುವುದಿಲ್ಲ. ಹಗಲಿಗೆ ಮಾತ್ರ ಮಾಲ್ ನೋಡಿದವರು ಈ ಸಿನಿಮಾವನ್ನು ಅರ್ಧವೇ ನೋಡುತ್ತಾರೆ.

ಇನ್ನು ‘ಅಗ್ಗದ ಸಿನಿಮಾ’ ಎಂಬ ಆಕ್ಷೇಪ. ದುಡ್ಡು ಕಡಿಮೆ ಇತ್ತು, ನಿಜ. ಚಿತ್ರೀಕರಣದ ಬಹುಪಾಲು ನಡೆದದ್ದು ಲಾಸ್ ಏಂಜಲೀಸ್‌ನ ಶರ್ಮನ್ ಓಕ್ಸ್ ಗ್ಯಾಲರಿಯಾ ಎಂಬ ನಿಜವಾದ ಮಾಲ್‌ನಲ್ಲಿ. ರೋಬೋಟ್‌ಗಳಿಗೆ ದನಿ ಕೊಟ್ಟದ್ದು ಸ್ವತಃ ನಿರ್ದೇಶಕ. ಅವುಗಳನ್ನು ರೂಪಿಸಿದ ರಾಬರ್ಟ್ ಶಾರ್ಟ್ ಮುಂದೆ ‘ಬೀಟಲ್‌ಜ್ಯೂಸ್’ ಚಿತ್ರದ ಪ್ರಸಾಧನಕ್ಕೆ ಆಸ್ಕರ್ ಹಂಚಿಕೊಂಡವರು. ಅವರ ರೋಬೋಟ್‌ಗಳಿಗೆ ಮನುಷ್ಯನ ಮುಖವಿಲ್ಲ, ಸಿಟ್ಟಿಲ್ಲ, ಸೇಡಿಲ್ಲ. ಕೊಂದ ಮೇಲೆ ವಂದನೆ ಹೇಳಿ, ಶುಭದಿನ ಕೋರಿ ಗಸ್ತಿಗೆ ಹೊರಡುತ್ತವೆ. ದಿನವಿಡೀ ಗಿರಾಕಿಗಳಿಗೆ ಒಂದೇ ರಾಗದಲ್ಲಿ ವಂದನೆ ಹೇಳಿಸುವ ಕೆಲಸ ನನ್ನದು. ಆ ದನಿ ಕೇಳಿದಾಗ ಮೈ ಜುಮ್ಮೆನ್ನುತ್ತದೆ. ಇದನ್ನು ಕೋಟಿ ಸುರಿದು ಕೊಳ್ಳಲಾಗುವುದಿಲ್ಲ.

ಯಾರೂ ಕೇಳದ ಪ್ರಶ್ನೆಯೊಂದಿದೆ: ಮೊದಲು ಸಾಯುವವರು ಯಾರು? ಪಾರ್ಟಿ ಮಾಡುವ ಹುಡುಗರಲ್ಲ. ರಾತ್ರಿ ಪಾಳಿಯಲ್ಲಿ ಕಂಪ್ಯೂಟರ್ ಕಾಯುವ ತಂತ್ರಜ್ಞರು, ಆಮೇಲೆ ಗೊಣಗುತ್ತ ನೆಲ ಒರೆಸುವ ಕೆಲಸಗಾರ. ಮಾಲ್‌ನ ರಕ್ಷಣೆಗೆಂದು ತಂದ ಯಂತ್ರ ಮಾಲ್ ನಡೆಸುವವರನ್ನೇ ಮೊದಲು ಮುಗಿಸುತ್ತದೆ. ಆ ಕೆಲಸಗಾರನ ಪಾತ್ರದಲ್ಲಿ ಡಿಕ್ ಮಿಲ್ಲರ್ ಕಾಣಿಸುವುದು ಸ್ವಲ್ಪವೇ ಹೊತ್ತು. ಪಾತ್ರದ ಹೆಸರು ವಾಲ್ಟರ್ ಪೇಸ್ಲಿ. 1959ರಲ್ಲಿ ರೋಜರ್ ಕಾರ್ಮನ್ ಅವರ ‘ಎ ಬಕೆಟ್ ಆಫ್ ಬ್ಲಡ್’ನಲ್ಲಿ ಇದೇ ಹೆಸರಿನ ನಾಯಕನಾಗಿದ್ದವರು ಅವರು. ಇಲ್ಲಿ ಅವರಿಗಿರುವುದು ಒಂದು ನೆಲ ಒರೆಸುವ ಕೋಲು, ಒಂದಿಷ್ಟು ಬೈಗುಳ. ಅಷ್ಟರಲ್ಲೇ ಕೆಲಸದಿಂದ ಬೇಸತ್ತ ಒಬ್ಬ ಇಡೀ ಮನುಷ್ಯ ನಮ್ಮ ಮುಂದೆ ನಿಲ್ಲುತ್ತಾನೆ.

ಚಿಕ್ಕಪ್ಪ ಈ ಸಿನಿಮಾ ನೋಡಿಲ್ಲ. ಒಂದೂಕಾಲು ಗಂಟೆಗಿಂತ ತುಸು ಹೆಚ್ಚು, ಅಷ್ಟೇ. ನೋಡಿ ಬಂದು ಡಿಕ್ ಮಿಲ್ಲರ್ ಬಗ್ಗೆ ಕೇಳಲಿ, ಕೌಂಟರ್ ಮುಚ್ಚಿದ ಮೇಲೆ ಎಷ್ಟು ಹೊತ್ತು ಬೇಕಾದರೂ ಕೂತು ಮಾತಾಡುತ್ತೇನೆ.