ಹಂದಿ ಸಾಕಣೆಯಲ್ಲಿ ಮೊದಲು ಗಟ್ಟಿಯಾಗಬೇಕಾದ್ದು ಗೇಟು

ಹಂದಿ ಮಾಂಸಕ್ಕೆ ಕರ್ನಾಟಕದಲ್ಲಿ ಗಿರಾಕಿ ಕಡಿಮೆ ಎನ್ನುವವರು ಕೊಡಗಿನ ಕೈಲ್‌ಪೊಳ್ದ್ ಹಬ್ಬದ ದಿನವನ್ನಾಗಲಿ, ಮಂಗಳೂರಿನ ಕ್ಯಾಥೊಲಿಕರ ಮದುವೆಯನ್ನಾಗಲಿ ನೋಡಿರಲಾರರು. ಪಂದಿ ಕರಿಗೂ ದುಕ್ರಾಮಾಸಿಗೂ ಬೇಡಿಕೆ ತಗ್ಗಿಲ್ಲ. ಆದರೂ ದೇಶದಲ್ಲಿ ಹಂದಿಗಳ ಸಂಖ್ಯೆ ಇಳಿಯುತ್ತಿದೆ. 2012ರ ಜಾನುವಾರು ಗಣತಿಯಲ್ಲಿ ಸುಮಾರು 1.03 ಕೋಟಿ ಇದ್ದದ್ದು 2019ರಲ್ಲಿ 90 ಲಕ್ಷಕ್ಕೆ ಬಂತು. ಆಗಿನ್ನೂ ಆಫ್ರಿಕನ್ ಹಂದಿ ಜ್ವರ ನಮ್ಮ ದೇಶದಲ್ಲಿ ಕಾಣಿಸಿಕೊಂಡಿರಲಿಲ್ಲ.

ಆ ಜ್ವರ 2020ರಲ್ಲಿ ಅಸ್ಸಾಂ, ಅರುಣಾಚಲಗಳಲ್ಲಿ ಪತ್ತೆಯಾಯಿತು. 2022ರ ಜುಲೈನಲ್ಲಿ ಕೊಡಗಿನ ಪಕ್ಕದ ವಯನಾಡಿನ ಮಾನಂದವಾಡಿಗೆ ಬಂದಿತ್ತು. ಮನುಷ್ಯರಿಗೆ ಇದು ಅಂಟುವುದಿಲ್ಲ. ಆದರೆ ದೊಡ್ಡಿಗೆ ಹೊಕ್ಕರೆ ಬಹುತೇಕ ಎಲ್ಲ ಹಂದಿಗಳೂ ಸಾಯುತ್ತವೆ. 41–42 ಡಿಗ್ರಿ ಜ್ವರ, ಮೇವು ಬಿಟ್ಟು ಒಂದರ ಮೇಲೊಂದು ಗುಂಪಾಗಿ ಮಲಗುವುದು, ಕಿವಿ ಮತ್ತು ಹೊಟ್ಟೆಯ ಚರ್ಮ ಕೆಂಪಾಗಿ ನೀಲಿಗಟ್ಟುವುದು, ಗಬ್ಬದ ಹಂದಿ ಕಂದು ಹಾಕುವುದು: ಇವು ಕಂಡ ದಿನವೇ ಪಶುವೈದ್ಯರಿಗೆ ಹೇಳಬೇಕು. ಸಾಮಾನ್ಯ ಹಂದಿ ಜ್ವರದ ಲಸಿಕೆ ಹಾಕಿಸಿದ್ದೇವೆ, ನಮಗೆ ಭಯವಿಲ್ಲ ಎಂದು ಎಷ್ಟೋ ಸಾಕಣೆದಾರರು ನಂಬಿಕೊಂಡಿದ್ದಾರೆ. ಎರಡರ ವೈರಸ್ಸೂ ಬೇರೆ ಬೇರೆ. ಎರಡು ತಿಂಗಳ ಮರಿಗೆ ಆ ಲಸಿಕೆ ಹಾಕಿಸಲೇಬೇಕು, ಆದರೆ ಆಫ್ರಿಕನ್ ಜ್ವರವನ್ನು ಅದು ತಡೆಯುವುದಿಲ್ಲ.

ವೈರಸ್ ಬರುವ ದಾರಿಗಳಲ್ಲಿ ನನ್ನ ಪ್ರಕಾರ ಅತಿ ದೊಡ್ಡದು ಮುಸುರೆ ಡ್ರಮ್ಮು. ಸಣ್ಣ ಸಾಕಣೆದಾರ ಉಳಿದುಕೊಂಡಿರುವುದೇ ಹೋಟೆಲು, ಹಾಸ್ಟೆಲು, ಕಲ್ಯಾಣ ಮಂಟಪಗಳ ಉಳಿಕೆ ಅನ್ನದಿಂದ. ಒಟ್ಟು ಖರ್ಚಿನಲ್ಲಿ ಮೂರನೇ ಎರಡು ಭಾಗ ಆಹಾರದ್ದೇ ಆಗಿರುವಾಗ ಅದನ್ನು ಬಿಟ್ಟುಬಿಡಿ ಎನ್ನುವುದು ಸುಲಭದ ಮಾತಲ್ಲ. ಬಿಡಲಾಗದಿದ್ದರೆ ಸರಿಯಾಗಿ ಬೇಯಿಸಬೇಕು: 90 ಡಿಗ್ರಿಯಲ್ಲಿ ಪೂರ್ತಿ ಒಂದು ಗಂಟೆ, ಕೈಬಿಡದೆ ಕಲಕುತ್ತ. ಒಂದು ಕುದಿ ಬಂತೆಂದು ಇಳಿಸಿದರೆ ನಡುವಿನ ಅನ್ನದ ಗಡ್ಡೆ ಬೆಚ್ಚಗಷ್ಟೇ ಆಗಿರುತ್ತದೆ. ಅದಕ್ಕಿಂತ ಹೆಚ್ಚಾಗಿ ಆಗುವ ತಪ್ಪೆಂದರೆ, ಬೇಯಿಸಿದ್ದನ್ನು ಹಸಿ ಮುಸುರೆ ತಂದ ಅದೇ ಡ್ರಮ್ಮಿಗೆ ಸುರಿಯುವುದು, ಅದೇ ಸೌಟಿನಿಂದ ಬಡಿಸುವುದು. ಹಸಿಗೆ ಒಂದು ಬಣ್ಣದ ಡ್ರಮ್ಮು, ಬೆಂದದ್ದಕ್ಕೆ ಇನ್ನೊಂದು ಬಣ್ಣದ್ದು ಇಟ್ಟರೆ ಈ ತಪ್ಪು ತಾನಾಗಿಯೇ ನಿಲ್ಲುತ್ತದೆ. ಹಂದಿ ಮಾಂಸದ ಚೂರು ಬರಬಹುದಾದ ಹೋಟೆಲಿನ ಉಳಿಕೆ ಬೇಡವೇ ಬೇಡ. ಹೆಪ್ಪುಗಟ್ಟಿಸಿದ ಮಾಂಸದಲ್ಲೂ ಈ ವೈರಸ್ ತಿಂಗಳುಗಟ್ಟಲೆ ಬದುಕಿರುತ್ತದೆ. ಸಾರು, ಉಪ್ಪಿನಕಾಯಿ ಹೆಚ್ಚಿದ್ದ ದಿನ ಕುಡಿಯುವ ನೀರು ಖಾಲಿಯಾದರೆ ಉಪ್ಪೇ ವಿಷವಾಗಿ ಹಂದಿಗೆ ಫಿಟ್ಸ್ ಬರುತ್ತದೆ. ಅದನ್ನೂ ರೋಗವೆಂದು ತಿಳಿದು ಇಂಜೆಕ್ಷನ್ ಕೊಡಿಸುವವರಿದ್ದಾರೆ.

ಎರಡನೇ ದಾರಿ ಲಾರಿ. ವ್ಯಾಪಾರಿಯ ಗಾಡಿ ನಾಲ್ಕು ದೊಡ್ಡಿ ತಿರುಗಿ ಐದನೆಯದಕ್ಕೆ ಬರುತ್ತದೆ. ಅದು ಗೇಟಿನ ಹೊರಗೇ ನಿಲ್ಲಬೇಕು. ಹಂದಿಯನ್ನು ನಾವೇ ಅಲ್ಲಿಗೆ ಹೊಡೆದುಕೊಂಡು ಹೋಗಬೇಕು, ಗಾಡಿ ಹತ್ತಿದ್ದು ಮತ್ತೆ ಒಳಗೆ ಬರಬಾರದು. ಕಾಲು ಅದ್ದುವ ತೊಟ್ಟಿಗೆ ಎರಡು ಶೇಕಡಾ ಕಾಸ್ಟಿಕ್ ಸೋಡಾ ಸಾಕು, ಅಂದರೆ 10 ಲೀಟರ್ ನೀರಿಗೆ 200 ಗ್ರಾಂ. ಇದು ಚರ್ಮ ಸುಡುವುದರಿಂದ ಗಮ್‌ಬೂಟು, ಕೈಗವಸು ಇಲ್ಲದೆ ಮುಟ್ಟುವಂತಿಲ್ಲ. ಸಗಣಿ ಮೆತ್ತಿದ ಬೂಟು ಅದ್ದಿದರೆ ಏನೂ ಉಪಯೋಗವಿಲ್ಲ, ಮೊದಲು ಬ್ರಷ್‌ನಿಂದ ಉಜ್ಜಿ ತೊಳೆಯಬೇಕು. ಹೊಸದಾಗಿ ಕೊಂಡ ಹಂದಿ 30 ದಿನ ಬೇರೆ ಕಡೆ ಇರಲಿ, ಅದರ ಬಕೆಟ್ಟು ಪೊರಕೆ ಕೂಡ ಬೇರೆ. ತೋಟದ ಅಂಚಿನ ದೊಡ್ಡಿಗಳಿಗೆ ಕಾಡುಹಂದಿ ಮೂಗು ತಾಗಿಸದಂತೆ ಎರಡು ಸುತ್ತಿನ ಬೇಲಿ ಬೇಕು.

ರೋಗ ಖಚಿತವಾದರೆ ಆ ದೊಡ್ಡಿಯಿಂದ ಸುತ್ತಲೂ ಒಂದು ಕಿಲೋಮೀಟರ್ ದೂರದೊಳಗಿನ ಹಂದಿಗಳನ್ನೆಲ್ಲ ಕೊಲ್ಲುತ್ತಾರೆ, 10 ಕಿಲೋಮೀಟರ್ ತನಕ ನಿಗಾ ಇಡುತ್ತಾರೆ. ಪರಿಹಾರದ ಹಣವನ್ನು ಕೇಂದ್ರ, ರಾಜ್ಯ ಅರ್ಧರ್ಧ ಹಂಚಿಕೊಳ್ಳುತ್ತವೆ. ಆ ಹಣ ಬೇಗ ಕೈಗೆ ಬರುತ್ತದೆಂಬ ನಂಬಿಕೆ ಇಲ್ಲದಿದ್ದರೆ ಸಾಕಣೆದಾರ ಮೊದಲ ಹಂದಿ ಸತ್ತ ರಾತ್ರಿಯೇ ಉಳಿದವನ್ನು ಅರ್ಧ ಬೆಲೆಗೆ ಮಾರಿಬಿಡುತ್ತಾನೆ, ರೋಗ ಮುಂದಿನ ತಾಲ್ಲೂಕಿಗೆ ಹೋಗುತ್ತದೆ. ಬೇಗ ಕೊಟ್ಟ ಪರಿಹಾರವೂ ರೋಗ ತಡೆಯೇ ಎಂಬುದನ್ನು ಸರ್ಕಾರಗಳು ಒಪ್ಪಿಕೊಳ್ಳಬೇಕು.

ಮುಸುರೆ ಬಿಟ್ಟು ಮೆಕ್ಕೆಜೋಳ ಬೆರೆಸಿದ ಕೈತಿಂಡಿಗೆ ಬಂದರೆ ಅಲ್ಲಿ ಬೇರೆ ಲೆಕ್ಕ. 10 ಕಿಲೋ ಮರಿ 90 ಕಿಲೋ ಆಗಲು, ಒಂದು ಕಿಲೋ ತೂಕಕ್ಕೆ ಮೂರೂವರೆ ಕಿಲೋ ಆಹಾರದಂತೆ, 280 ಕಿಲೋ ಬೇಕು. ಅದನ್ನು ಮೂರಕ್ಕೆ ಇಳಿಸಿದರೆ 40 ಕಿಲೋ ಉಳಿತಾಯ. ಮೆಕ್ಕೆಜೋಳಕ್ಕೆ ಕೋಳಿ ಫಾರಂಗಳ ಜೊತೆ ಈಗ ಎಥೆನಾಲ್ ಕಾರ್ಖಾನೆಗಳೂ ಪೈಪೋಟಿಗೆ ಬಂದಿರುವುದರಿಂದ ಕೊಯ್ಲಿನ ಕಾಲದಲ್ಲೇ ಕೊಂಡಿಡುವುದು ಜಾಣತನ. ಆದರೆ ತೇವ 13 ಶೇಕಡಾ ದಾಟಿದ ಜೋಳ ಮೂಟೆಯಲ್ಲೇ ಬೂಸಲು ಹಿಡಿಯುತ್ತದೆ. ಎಳೆಯ ಹೆಣ್ಣುಮರಿಗಳ ಯೋನಿ ಊದಿಕೊಂಡು ಸುಳ್ಳು ಬೆದೆ ತೋರಿಸಿದರೆ ಮೊದಲು ಜೋಳದ ಮೂಟೆ ಬಿಚ್ಚಿ ನೋಡಿ.

ತಳಿಯ ಬಗ್ಗೆ ಒಂದೇ ಮಾತು: 10 ಹೆಣ್ಣಿಗೊಂದು ಗಂಡು, ಮತ್ತು ಆ ಗಂಡು ಅದೇ ದೊಡ್ಡಿಯಲ್ಲಿ ಹುಟ್ಟಿದ್ದಾಗಿರಬಾರದು. ಮರಿಗಳ ಸಾವು ತಡೆಯಲು ಹೆರಿಗೆ ಕೋಣೆಯ ಗೋಡೆಯುದ್ದಕ್ಕೂ, ನೆಲದಿಂದ ಮತ್ತು ಗೋಡೆಯಿಂದ 20–25 ಸೆಂಟಿಮೀಟರ್ ಬಿಟ್ಟು, ಕಬ್ಬಿಣದ ಪೈಪು ಹಾಕಿಸಿ. ತಾಯಿ ಮಲಗುವಾಗ ಮರಿಗೆ ನುಸುಳಲು ಜಾಗ ಸಿಗುತ್ತದೆ. ಸಿಮೆಂಟ್ ನೆಲದಲ್ಲಿ ಮಣ್ಣು ಸಿಗದ ಮರಿಗೆ ಮೂರನೇ ದಿನ 200 ಮಿಲಿಗ್ರಾಂ ಕಬ್ಬಿಣಾಂಶದ ಇಂಜೆಕ್ಷನ್ ತಪ್ಪಬಾರದು.

ರಾಷ್ಟ್ರೀಯ ಜಾನುವಾರು ಮಿಷನ್ 100 ಹೆಣ್ಣು, 10 ಗಂಡು ಹಂದಿಗಳ ಘಟಕಕ್ಕೆ ಅರ್ಧ ಬಂಡವಾಳ, ಗರಿಷ್ಠ 30 ಲಕ್ಷ ರೂಪಾಯಿ ಸಹಾಯಧನ ಕೊಡುತ್ತದೆ. ಮೊದಲ ಸಲ ಹಂದಿ ಕಟ್ಟುವವರು ಅಷ್ಟು ದೊಡ್ಡದಕ್ಕೆ ಕೈ ಹಾಕುವುದು ನನಗೆ ಸರಿ ಕಾಣುವುದಿಲ್ಲ. ಐದು ಹೆಣ್ಣುಹಂದಿಗಳ ದೊಡ್ಡಿಯಲ್ಲಿ ಒಂದು ವರ್ಷ ಗೇಟಿನ ಶಿಸ್ತು ರೂಢಿಯಾದ ಮೇಲೆ ಸಾಲ ತೆಗೆದರೆ ಸಾಕು.

ಮಾರಾಟದ ತಾರೀಖನ್ನು ಹಿಂದಕ್ಕೆ ಎಣಿಸಿ. ಮರಿ ಎಂಟು ತಿಂಗಳಲ್ಲಿ 90 ಕಿಲೋ ಮುಟ್ಟುತ್ತದೆ, ಗಬ್ಬ 114 ದಿನ. ಈ ಕ್ರಿಸ್ಮಸ್ಸಿಗೆ ಮಾರುವ ಹಂದಿಯ ತಾಯಿ ಹೋದ ಕ್ರಿಸ್ಮಸ್ಸಿನ ಹೊತ್ತಿಗೇ ಗಬ್ಬ ಕಟ್ಟಿರಬೇಕು. ಆ ಬೆದೆ ಕೈತಪ್ಪಿದರೆ ಮುಂದಿನದು 21 ದಿನಕ್ಕೆ, ಮಾರಾಟ ಜನವರಿಗೆ. ಇನ್ನೊಂದೂ ತಪ್ಪಿದರೆ ಕ್ರೈಸ್ತರ ತಪಸ್ಸುಕಾಲ ಹತ್ತಿರ ಬಂದಿರುತ್ತದೆ, ಕರಾವಳಿಯಲ್ಲಿ ಕೊಳ್ಳುವವರು ಕಡಿಮೆಯಾಗುತ್ತಾರೆ.